ಏಳನೇ ಖೋಲಿಯ ಮೂವತ್ತೆಂಟು ಮತದಾರರು

ಕಾಶಪ್ಪನವರನ್ನು ನಾಗರತ್ನಾ ಮೊದಲ ಸಲ ಕಂಡದ್ದು ೨೦೨೪ರ ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ. ಮುಂಬಯಿಯ ಭಾಂಡುಪಿನ ಗುಡ್ಡದ ಬದಿಯ ಒಂದು ಚಾಳಿನಲ್ಲಿ, ಒಂದೊಂದೇ ಕೋಣೆಯ ಮನೆಗಳ ಸಾಲಿನಲ್ಲಿ, ಏಳನೇ ಖೋಲಿಯ ಹೊಸ್ತಿಲ ಮೇಲೆ ಅವರು ಗಡ್ಡ ಹೆರೆದುಕೊಳ್ಳುತ್ತ ಕುಳಿತಿದ್ದರು. ಬಾಗಿಲ ಚಿಲಕಕ್ಕೆ ಅಂಗೈಯಗಲದ ಕನ್ನಡಿ ತೂಗುಹಾಕಿತ್ತು. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಮೇಲೆ ಇನ್ನೂ ಸಾಬೂನಿನ ನೊರೆ ಇತ್ತು.

ಮಳೆ ಆಗಷ್ಟೇ ನಿಂತಿತ್ತು. ನಾಗರತ್ನಾಳ ಒಂದು ಕೈಯಲ್ಲಿ ಮಡಚಿದ ಛತ್ರಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಮತದಾರರ ಯಾದಿ. ಅವಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಚುನಾವಣೆ ಹತ್ತಿರ ಬಂದಾಗ ಶಿಕ್ಷಕರಿಗೆ ಈ ಕೆಲಸವೂ ಸೇರುತ್ತದೆ. ಮನೆಮನೆಗೆ ಹೋಗಿ ಯಾದಿಯಲ್ಲಿರುವವರು ಅಲ್ಲಿ ಇದ್ದಾರೋ, ಬೇರೆಡೆಗೆ ಹೋದರೋ, ತೀರಿಕೊಂಡರೋ ಎಂದು ಕೇಳಿ ಪ್ರತಿ ಹೆಸರಿನ ಮುಂದೆ ಗುರುತು ಹಾಕಬೇಕು. ಆ ಚಾಳಿನಲ್ಲಿ ಒಂದನೇ ಖೋಲಿಗೆ ನಾಲ್ಕು ಹೆಸರಿದ್ದವು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಎರಡು. ಏಳನೆಯದಕ್ಕೆ ಬಂದಾಗ ಪುಟ ಮುಗಿದರೂ ಹೆಸರು ಮುಗಿಯಲಿಲ್ಲ. ಮುಂದಿನ ಪುಟ ತಿರುವಿ ಅವಳು ತನ್ನಷ್ಟಕ್ಕೇ ಎಣಿಸಿದಳು. ಮೂವತ್ತಾರು, ಮೂವತ್ತೇಳು, ಮೂವತ್ತೆಂಟು.

ಕನ್ನಡದ ಎಣಿಕೆ ಕಿವಿಗೆ ಬಿದ್ದದ್ದೇ ಕಾಶಪ್ಪ ತಲೆ ಎತ್ತಿದರು. ನಮ್ಮ ಕಡೆಯವರೇನ್ರಿ ಎಂದು ಕೇಳಿದರು. ಅವಳು ಸುರಪುರದ ಹತ್ತಿರದ ಹಳ್ಳಿಯ ಹೆಸರು ಹೇಳಿದಳು. ಅವರು ಶಹಾಪುರದ ಹತ್ತಿರದವರು. ಎರಡಕ್ಕೂ ನಡುವೆ ಒಂದು ಗಂಟೆಯ ಬಸ್ಸಿನ ದಾರಿ. ಅವರು ಎದ್ದು ನಿಂತು, ಒಳಗಿದ್ದ ಹೆಂಡತಿ ಶಿವಕುಮಾರಿಗೆ ಚಹಾ ಇಡಲು ಕೂಗಿ ಹೇಳಿ, ಪ್ಲಾಸ್ಟಿಕ್ ಸ್ಟೂಲನ್ನು ಲುಂಗಿಯ ಅಂಚಿನಿಂದ ಒರೆಸಿ ಮುಂದಿಟ್ಟರು. ಮುಖ ಒರೆಸಿಕೊಳ್ಳುವುದನ್ನು ಮರೆತರು.

ಖೋಲಿ ಹೊರಗಿನಿಂದಲೇ ಪೂರ್ತಿ ಕಾಣುತ್ತಿತ್ತು. ಹತ್ತು ಅಡಿ, ಹನ್ನೆರಡು ಅಡಿ. ಒಂದು ಮಂಚ, ಒಂದು ಕಪಾಟು, ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ.

"ಇಲ್ಲಿ ಎಷ್ಟು ಮಂದಿ ಇರ್ತೀರಿ ಕಾಕಾ?"

"ನಾವಿಬ್ರೇ ಇರ್ತೀವ್ರಿ."

"ಯಾದ್ಯಾಗ ಮೂವತ್ತೆಂಟು ಹೆಸ್ರು ಅದಾವಲ್ಲ?"

"ಹೌದ್ರಿ ಟೀಚರ್. ಹೆಸ್ರು ಇಲ್ಲಿ ಇರ್ತಾವ, ಮಂದಿ ಅಲ್ಲಿ ಇರ್ತಾರ."

ಅವರು ಕೈ ತೋರಿಸಿದ ಕಡೆ ಚಾಳಿನ ಹಿಂದೆ ಒಂದು ನಾಲಾ ಕಪ್ಪಗೆ ತುಂಬಿ ಹರಿಯುತ್ತಿತ್ತು. ಅದಕ್ಕೊಂದು ಕಬ್ಬಿಣದ ಕಾಲುಸೇತುವೆ. ಸೇತುವೆಯಾಚೆ ಮೆಟ್ಟಿಲುಗಳು ಗುಡ್ಡ ಹತ್ತುತ್ತಿದ್ದವು. ಎಲ್ಲರೂ ಅದನ್ನು ಟೇಕಡಿ ಎನ್ನುತ್ತಾರೆ. ಕಡಿದ ಕೆಂಪು ಮಣ್ಣಿನ ದರೆಗೆ ಬೆನ್ನು ಕೊಟ್ಟು ಇಪ್ಪತ್ತೊಂದು ಮನೆಗಳು ಸಾಲಾಗಿ ನಿಂತಿದ್ದವು. ತಗಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿ ಅಲ್ಲಲ್ಲಿ ಕಲ್ಲು ಹೇರಿದ್ದರು.

ನಾಗರತ್ನಾ ಆ ದಿನ ಏಳನೇ ಖೋಲಿಯ ಯಾವ ಹೆಸರಿನ ಮುಂದೆಯೂ ಗುರುತು ಹಾಕಲಿಲ್ಲ. ಅವಳು ಚಹಾ ಕುಡಿದು ಎದ್ದಾಗ ಕಾಶಪ್ಪನವರ ಬಲಗೆನ್ನೆಯ ನೊರೆ ಒಣಗಿ ಬಿಳಿಯ ಪದರಾಗಿತ್ತು. ಅವರು ಅಲ್ಲಿಯವರೆಗೂ ಅವಳ ಪೆನ್ನನ್ನೇ ನೋಡುತ್ತಿದ್ದರು.

ಆಮೇಲೆ ಅವಳು ಐದಾರು ಸಲ ಅಲ್ಲಿಗೆ ಹೋದಳು. ಸರಕಾರಿ ಕೆಲಸಕ್ಕೆ ಎರಡು ಸಲ ಸಾಕಾಗುತ್ತಿತ್ತು. ಊರ ಕಡೆಯ ಮಾತು ಕೇಳುವ ಆಸೆಯೂ ಇತ್ತು, ಆ ಮೂವತ್ತೆಂಟು ಹೆಸರುಗಳ ಚಿಂತೆಯೂ ಇತ್ತು. ಕಾಶಪ್ಪನವರ ಕಥೆ ಅವಳಿಗೆ ಹೀಗೆ ತುಂಡು ತುಂಡಾಗಿ ತಿಳಿಯಿತು.

ಅವರು ಮುಂಬಯಿಗೆ ಬಂದದ್ದು ೧೯೮೪ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ. ಊರಲ್ಲಿ ಬಾವಿ ತೋಡುವ ಗುಂಪಿನಲ್ಲಿದ್ದವರು. ಮಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಕಣ್ಣಲ್ಲೇ ಹೇಳಬಲ್ಲವರು. ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ, ಅಂದರೆ ಕೂಲಿಯವರು ನಿಂತು ಕೆಲಸಕ್ಕೆ ಕಾಯುವ ರಸ್ತೆಯ ಮೂಲೆಯಲ್ಲಿ, ಸಲಿಕೆ ಹಿಡಿದು ನಿಲ್ಲುತ್ತಿದ್ದರು. ಆರು ವರ್ಷಕ್ಕೆ ಅದೇ ನಾಕಾದಲ್ಲಿ ಮುಕಾದಮರಾದರು. ಹತ್ತು ಹದಿನೈದು ಆಳುಗಳನ್ನು ಗುಂಪು ಮಾಡಿ ಪಾಯ ತೋಡುವ ಕೆಲಸಕ್ಕೆ ಕರೆದೊಯ್ಯುವುದು ಅವರ ಹೊಣೆ. ಹತ್ತಿರದ ಕಾರ್ಖಾನೆಯೊಂದು ಮುಚ್ಚಿ, ಅಲ್ಲಿನ ಕಾರ್ಮಿಕನೊಬ್ಬ ಊರಿಗೆ ಹೊರಟಾಗ ಅವನ ಖೋಲಿಯನ್ನು ಕೊಂಡರು. ಅದೇ ಏಳನೇ ನಂಬರಿನದು. ಖೋಲಿಗೆ ನಂಬರಿತ್ತು, ಗೋಡೆಯ ಮೇಲೆ ಕರೆಂಟಿನ ಮೀಟರಿತ್ತು, ತಿಂಗಳಿಗೊಮ್ಮೆ ಬಿಲ್ಲು ಬರುತ್ತಿತ್ತು. ಅವರ ಊರಿನ ಜನರ ಪೈಕಿ ಮುಂಬಯಿಯಲ್ಲಿ ಸ್ವಂತ ಹೆಸರಿನ ಬಿಲ್ಲಿದ್ದವರು ಅವರೊಬ್ಬರೇ.

ಊರಿಂದ ಹೊಸದಾಗಿ ಬಂದವರು ಮೊದಲು ಏಳನೇ ಖೋಲಿಗೇ ಬರುತ್ತಿದ್ದರು. ಜೋಳದ ಹಿಟ್ಟು, ಶೇಂಗಾ ಹಿಂಡಿಯ ಗಂಟು ಇಳಿಸಿ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಮೂರು ನಾಲ್ಕು ದಿನ ಇದ್ದು, ಟೇಕಡಿಯಲ್ಲಿ ನಾಲ್ಕು ತಗಡು ನಿಲ್ಲಿಸಿಕೊಂಡು ಹೋಗುತ್ತಿದ್ದರು. ರೇಷನ್ ಕಾರ್ಡಿಗೆ, ಮತದಾರರ ಯಾದಿಗೆ ವಿಳಾಸ ಬೇಕು. ಟೇಕಡಿಯ ಜೋಪಡಿಗಳಿಗೆ ಆಗ ನಂಬರೂ ಇರಲಿಲ್ಲ, ಮೀಟರೂ ಇರಲಿಲ್ಲ. ಕಾಶಪ್ಪ ತಮ್ಮ ಬಿಲ್ಲು ಹಿಡಿದು ಅವರ ಜೊತೆ ಕಚೇರಿಗೆ ಹೋಗಿ, ಇವರು ನಮ್ಮ ಮನೆಯವರು ಎಂದು ಹೇಳುತ್ತಿದ್ದರು. ಅದಕ್ಕೆ ಅವರಲ್ಲಿ ಪತ್ತಾ ಕೊಡುವುದು ಎಂಬ ಹೆಸರೇ ಬಿದ್ದಿತ್ತು. ಮೊದಲು ಬಂದವನು ಆಮೇಲೆ ಬಂದವರಿಗೆ ಪತ್ತಾ ಕೊಡಬೇಕು. ಬೇರೆ ನಾಕಾಗಳ ಮುಕಾದಮರು ಇದಕ್ಕೆ ಒಂದು ವಾರದ ಕೂಲಿ ಹಿಡಿಯುತ್ತಿದ್ದರಂತೆ. ಕಾಶಪ್ಪ ಒಂದು ಕಪ್ ಚಹಾ ಕೂಡ ಕುಡಿಸಿಕೊಳ್ಳಲಿಲ್ಲ. ಊರಲ್ಲಿ ಯಾರದಾದರೂ ಮದುವೆಯ ಮಾತು ನಡೆದರೆ, ಹುಡುಗ ಮುಂಬಯಿಯಲ್ಲಿ ಕಾಶಪ್ಪನ ಪತ್ತಾದಾಗ ಇದ್ದಾನ ಎಂದರೆ ಹೆಣ್ಣಿನವರು ಒಪ್ಪುತ್ತಿದ್ದರು. ಹೀಗೆ ಇಪ್ಪತ್ತು ವರ್ಷಗಳಲ್ಲಿ ಮೂವತ್ತಾರು ಜನ ಅವರ ಖೋಲಿಯ ನಿವಾಸಿಗಳಾದರು.

ಅವರು ಓದಲು ಕಲಿತದ್ದೂ ಮತದಾರರ ಯಾದಿಯಿಂದಲೇ. ಶಾಲೆಗೆ ಹೋದವರಲ್ಲ. ಚುನಾವಣೆಯ ಮೊದಲು ತಮ್ಮ ಜನರ ಹೆಸರು ಹುಡುಕಿ ಚೀಟಿ ಹಂಚುವ ಕೆಲಸ ಮೈಮೇಲೆ ಬಂದಾಗ, ಪಕ್ಕದ ಖೋಲಿಯ ಮರಾಠಿ ಮುದುಕರೊಬ್ಬರ ಹತ್ತಿರ ಕೂತು ಮೊದಲು ತಮ್ಮ ಹೆಸರಿನ 'ಕ' ಗುರುತಿಸಿದರು, ಆಮೇಲೆ ತಂಗಿ ಸುಂದ್ರವ್ವನ ಹೆಸರಿನ 'ಸು'. ಈಗ ಮರಾಠಿಯಲ್ಲಿ ಯಾರ ಹೆಸರನ್ನಾದರೂ ಓದಬಲ್ಲರು. ಕನ್ನಡದಲ್ಲಿ ತಮ್ಮ ಹೆಸರೂ ಬಾರದು. ಒಂದು ದಿನ ನಾಗರತ್ನಾಳ ಪೆನ್ನಿನಿಂದ ಅದನ್ನು ಬರೆಸಿಕೊಂಡು ಬಹಳ ಹೊತ್ತು ನೋಡಿ, ಇದು ಉಂಡಿ ಕಟ್ಟಿಟ್ಟಂಗ ಅದ ಎಂದು ನಕ್ಕರು.

ಎರಡನೆಯ ಭೇಟಿಯಲ್ಲಿ ಅವರು ಮಂಚದ ಕೆಳಗಿನ ಟ್ರಂಕು ಎಳೆದು ಹಳೆಯ ಯಾದಿಗಳನ್ನು ತೋರಿಸಿದ್ದರು. ೧೯೯೦ರದ್ದು ಹಳದಿಯಾಗಿತ್ತು. ಅದರಲ್ಲಿ ಚಾಳು, ಟೇಕಡಿ, ಕಾರ್ಖಾನೆಯ ಕಂಪೌಂಡು, ಸ್ಟೇಶನ್ನಿನ ಬದಿಯ ಓಣಿಗಳು ಎಲ್ಲ ಒಂದೇ ವಿಧಾನಸಭಾ ಕ್ಷೇತ್ರ. ಅದಕ್ಕೂ ಹಿಂದೆ ಕ್ಷೇತ್ರ ಇನ್ನೂ ದೊಡ್ಡದಿತ್ತು, ಜನ ಹೆಚ್ಚಿದಂತೆ ಕತ್ತರಿಸಿ ಕತ್ತರಿಸಿ ಸಣ್ಣದು ಮಾಡಿದರು ಎಂದು ಆ ಮರಾಠಿ ಮುದುಕರು ಹೇಳುತ್ತಿದ್ದರಂತೆ. ಕಾಶಪ್ಪ ಬಂದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೆರೆ ಕದಲಲಿಲ್ಲ. ಟೇಕಡಿಯವರೂ ಚಾಳಿನವರೂ ಒಂದೇ ಶಾಲೆಯಲ್ಲಿ, ಒಂದೇ ಸಾಲಿನಲ್ಲಿ ನಿಂತು, ಒಬ್ಬನೇ ಆಮದಾರನಿಗೆ ಮತ ಹಾಕುತ್ತಿದ್ದರು. ಇಲ್ಲಿ ಎಲ್ಲರೂ ಶಾಸಕನನ್ನು ಆಮದಾರ ಎಂದೇ ಕರೆಯುವುದು. ಹೆಸರು ಎಲ್ಲಿದೆ, ಮನೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

೨೦೦೮ರಲ್ಲಿ ರಾಜ್ಯದ ಎಲ್ಲ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದರು. ಚಾಳಿನ ಗೋಡೆಗೆ ಪಕ್ಷದ ಕಾರ್ಯಕರ್ತನೊಬ್ಬ ಬಣ್ಣದ ನಕ್ಷೆ ಅಂಟಿಸಿದ. ನಾಲಾದ ಈಚೆ ನೀಲಿ, ಆಚೆ ಗುಲಾಬಿ. ಟೇಕಡಿ ಗುಲಾಬಿಯಲ್ಲಿತ್ತು. ಕಾಶಪ್ಪ ಅವನನ್ನು ನಿಲ್ಲಿಸಿ, ನೀರಿನ ನಲ್ಲಿ ಬದಲಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ. ರೇಷನ್ ಅಂಗಡಿ? ಇಲ್ಲ. ಪೊಲೀಸ್ ಚೌಕಿ? ಅದೂ ಇಲ್ಲ. ಬರೀ ಆಮದಾರ ಬದಲಾಗುತ್ತಾನೆ ಎಂದ. ಆಮದಾರ ಹೆಂಗೂ ಐದು ವರ್ಷಕ್ಕೊಮ್ಮೆ ಬದಲಾಗ್ತಾನಲ್ಲ ಎಂದು ಕಾಶಪ್ಪ ಹೇಳಿದ್ದಕ್ಕೆ ಇಡೀ ಓಣಿ ನಕ್ಕಿತಂತೆ.

ಮರುವರ್ಷದ ಮತದಾನದ ದಿನ ಟೇಕಡಿಯ ಮೂವತ್ತಾರು ಜನ ಎಂದಿನಂತೆ ಸೇತುವೆ ದಾಟಿ ಈಚೆಗೆ ಬಂದರು. ಕಚೇರಿಗೆ ಓಡಾಡಿ ಜೋಪಡಿಗೇ ನಂಬರು ಹಾಕಿಸಿಕೊಂಡು ಟೇಕಡಿಯ ವಿಳಾಸದಲ್ಲೇ ಹೆಸರು ಬರೆಸಿದ್ದ ಒಂಬತ್ತು ಜನ ಮಾತ್ರ ಆಚೆಯ ಶಾಲೆಗೆ ಹೋದರು. ಸೆಂಟ್ರಿಂಗ್ ಕೆಲಸದ ಶರಣಬಸಪ್ಪನ ಹೆಸರು ಈಚೆ, ಹೆಂಡತಿಯ ಹೆಸರು ಆಚೆ. ಮನೆಯಿಂದ ಹೊರಡುವಾಗ ಆಕೆ, ನಿನ್ನ ಆಮದಾರ ನಿನಗ, ನನ್ನ ಆಮದಾರ ನನಗ, ಸಂಜಿಗಿ ರೊಟ್ಟಿ ಯಾರು ಬಡೀಬೇಕಂತ ಅವರಿಬ್ಬರನ್ನೇ ಕೇಳೋಣ ಎಂದಿದ್ದಳು. ಆ ಮಾತು ಟೇಕಡಿಯಲ್ಲಿ ವರ್ಷಗಟ್ಟಲೆ ಓಡಾಡಿತು.

ಗೆರೆಯ ಅರ್ಥ ತಿಳಿದದ್ದು ೨೦೨೨ರ ಮಳೆಗಾಲದಲ್ಲಿ. ಸಾಲಿನ ಕೊನೆಯ ಮನೆ ಕಾಶಪ್ಪನವರ ತಂಗಿ ಸುಂದ್ರವ್ವನದು. ಗಂಡ ತೀರಿಹೋಗಿ, ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಿ ಮಗಳನ್ನು ಸಾಕಿದವರು. ಒಂದು ಮಧ್ಯಾಹ್ನ, ಅವರು ಕೆಲಸಕ್ಕೆ ಹೋಗಿದ್ದಾಗ, ಮನೆಯ ಹಿಂದಿನ ದರೆ ಜಾರಿ ಮಣ್ಣು ಮೋರಿಯನ್ನೂ ನೀರಿನ ಡ್ರಮ್ಮನ್ನೂ ಮುಚ್ಚಿ, ಹಿಂಗೋಡೆಗೆ ಆನಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾಶಪ್ಪ ದರೆಯ ಮೇಲೆ ಹತ್ತಿ ನೋಡಿದರು. ಅಲ್ಲೊಂದು ಬಿರುಕಿತ್ತು. ಕೈ ಇಳಿಸಿದರೆ ಮೊಣಕೈವರೆಗೂ ಹೋಯಿತು. ಅವರು ಕೆಳಗಿಳಿದು, ಮರುದಿನ ನಾಕಾಕ್ಕೆ ಹೋಗದೆ ಅರ್ಜಿ ಬರೆಸಲು ಹೋದರು. ಕಲ್ಲು ಸಿಮೆಂಟಿನ ತಡೆಗೋಡೆ ಬೇಕು, ನೂರು ಜನರಿರುವ ಇಪ್ಪತ್ತೊಂದು ಮನೆಗಳ ಹಿಂದೆ, ಈ ಬದಿಯಿಂದ ಆ ಬದಿಯವರೆಗೆ. ಅಂಥ ಗೋಡೆಗಳನ್ನು ಸಾಮಾನ್ಯವಾಗಿ ಶಾಸಕರ ನಿಧಿಯಿಂದ ಕಟ್ಟಿಸುತ್ತಾರೆಂದು ಎಲ್ಲರೂ ಹೇಳಿದರು.

ಮೊದಲು ಈಚೆಯ ಶಾಸಕರ ಕಚೇರಿಗೆ ಹೋದರು. ಅಲ್ಲಿ ಕಾಶಪ್ಪನವರ ಗುರುತಿತ್ತು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ನಿಮ್ಮ ಜನರ ಮತ ನಮ್ಮವೇ, ಆದರೆ ಆ ನೆಲ ನಮ್ಮದಲ್ಲ, ನಮ್ಮ ನಿಧಿ ನಾಲಾ ದಾಟಲು ನಿಯಮವಿಲ್ಲ ಎಂದರು. ಆಚೆಯ ಶಾಸಕರ ಕಚೇರಿಯಲ್ಲಿ ಅನಿಲಕುಮಾರ ಎಂಬ ಸಹಾಯಕನಿದ್ದ. ಅಜ್ಜನ ಕಾಲಕ್ಕೆ ಬೀದರದಿಂದ ಬಂದ ಮನೆತನ. ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದ. ಅವನು ಕಂಪ್ಯೂಟರಿನಲ್ಲಿ ಆ ಸಾಲಿನ ಮತದಾರರನ್ನು ತೆಗೆದು ಪರದೆಯನ್ನು ಕಾಶಪ್ಪನವರ ಕಡೆ ತಿರುಗಿಸಿದ.

"ಕಾಕಾ, ನೋಡಿ, ಇಲ್ಲಿ ನೌ ನಾಮ್ ಇದೆ. ಓನ್ಲಿ ಒಂಬತ್ತು. ನೂರು ಲೋಗ್ ಅಂತ ನಾನು ಹೆಂಗೆ ಬರೆಯೋದು?"

ಇನ್ನೂ ಮೂವತ್ತಾರು ಜನರ ಹೆಸರು ನನ್ನ ಖೋಲಿಯಲ್ಲಿದೆ, ಆದರೆ ಅವರು ಇರುವುದು ಟೇಕಡಿಯಲ್ಲೇ ಎಂದು ಕಾಶಪ್ಪ ವಿವರಿಸಿದರು. ಅನಿಲಕುಮಾರನಿಗೆ ಅದು ಅರ್ಥವಾಯಿತು. ಅವನು ಸಿಡುಕಲಿಲ್ಲ, ಹಣವನ್ನೂ ಕೇಳಲಿಲ್ಲ. ಮುನ್ನೂರು, ನಾನೂರು ಹೆಸರಿರುವ ಓಣಿಗಳೇ ಗೋಡೆಗಾಗಿ ಸಾಲಿನಲ್ಲಿವೆ, ಒಂಬತ್ತು ಹೆಸರಿನ ಕಡತ ಮೇಲೆ ಹೋದರೂ ವಾಪಸ್ ಬರುತ್ತದೆ ಎಂದ. ಅವಧಿ ಮುಗಿದರೂ ಚುನಾವಣೆ ನಡೆಯದೆ ಪಾಲಿಕೆಯಲ್ಲಿ ಆಗ ಚುನಾಯಿತ ನಗರಸೇವಕರೇ ಇರಲಿಲ್ಲ. ಅಲ್ಲಿ ಅರ್ಜಿ ತೆಗೆದುಕೊಂಡು ನಂಬರು ಹಾಕಿ ಕೊಟ್ಟರು. ಮುಂದಿನ ಮೇ ತಿಂಗಳಲ್ಲಿ ಟೇಕಡಿಯ ಬಾಗಿಲುಗಳಿಗೆ ಒಂದು ನೋಟಿಸು ಬಂತು. ಇದು ಅಪಾಯದ ಜಾಗ, ಮಳೆಗಾಲಕ್ಕೆ ಮೊದಲು ಖಾಲಿ ಮಾಡಿ ಎಂದು. ಎಲ್ಲಿಗೆ ಹೋಗಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ನಾಗರತ್ನಾ ಯಾದಿ ಹಿಡಿದು ಬಂದದ್ದು ಇದಾದ ಮೇಲೆ. ಕಥೆ ಪೂರ್ತಿ ಕೇಳಿದಾಗ ಅವಳಿಗೆ ದಾರಿ ಬಹಳ ಸುಲಭ ಎನ್ನಿಸಿತು. ಮತದಾರ ವಾಸ ಬದಲಿಸಿದರೆ ಎಂಟನೇ ನಮೂನೆಯ ಅರ್ಜಿ ತುಂಬಿ ಹೆಸರನ್ನು ಹೊಸ ವಿಳಾಸಕ್ಕೆ ಒಯ್ಯಬಹುದು. ಒಂಬತ್ತಕ್ಕೆ ಮೂವತ್ತಾರು ಸೇರಿದರೆ ನಲವತ್ತೈದು. ಅದು ಮುನ್ನೂರಲ್ಲದಿದ್ದರೂ, ಮನೆಗಳು ಇವೆ, ಮನೆಗಳಲ್ಲಿ ಜನ ಇದ್ದಾರೆ ಎಂದು ಕಾಗದದಲ್ಲಿ ಕಾಣುತ್ತದೆ. ಫೋನು ಮಾಡಿ ಕೇಳಿದಾಗ ಅನಿಲಕುಮಾರನೂ, ಅಷ್ಟು ಹೆಸರು ಬಂದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಸೇರಿಸಲು ನೋಡಬಹುದು ಎಂದ.

ಕಾಶಪ್ಪ ಅದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡರು. "ಒಂದು ಹಾಳಿ ತುಂಬಿದ್ರ ಹೆಸ್ರು ನಾಲಾ ದಾಟ್ತದೇನ್ರಿ?" ಎಂದರು. ದಾಟುತ್ತದೆ ಎಂದಳು. ಅಂದು ಅವರು ಅವಳನ್ನು ಬಿಡಲು ಮುಖ್ಯ ರಸ್ತೆಯ ರಿಕ್ಷಾ ಸ್ಟ್ಯಾಂಡಿನವರೆಗೂ ನಡೆದು ಬಂದರು.

ಮುಂದಿನ ಭಾನುವಾರ ನಾಗರತ್ನಾ ಮೂವತ್ತಾರು ಅರ್ಜಿ ಒಯ್ದಳು. ಸುಂದ್ರವ್ವನ ಮನೆಯ ಮುಂದೆ ಚಾಪೆ ಹಾಸಿದ್ದರು. ಹೆಚ್ಚಿನವರು ಬಂದಿದ್ದರು. ಅವಳು ಎಲ್ಲ ವಿವರಿಸಿದಳು. ಆಮೇಲೆ ಶರಣಬಸಪ್ಪ ಕೇಳಿದ. ಅವನು ಬಂದು ಮೂವತ್ತು ವರ್ಷವಾಗಿತ್ತು.

"ಹೊಸ ಹೆಸ್ರು ಯಾವ ಇಸ್ವಿದು ಆಗ್ತದ ಟೀಚರ್?"

"ಈಗ ತುಂಬಿದ್ರ ಈ ವರ್ಷದ್ದೇ ಆಗ್ತದ."

"ಅಂದ್ರ ನಾ ಟೇಕಡಿಗೆ ಈ ವರ್ಷ ಬಂದೆ ಅಂತಾತು."

ಅವನು ಸಿಟ್ಟಿಲ್ಲದೆ, ಚಿಕ್ಕವರಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಈ ಊರಲ್ಲಿ ಯಾವತ್ತಾದರೊಂದು ದಿನ ಜೋಪಡಿ ಕೆಡವಿ ಬಿಲ್ಡಿಂಗ್ ಕಟ್ಟುತ್ತಾರೆ. ಆಗ ಹಳೆಯ ಕಾಗದ ಇದ್ದವನಿಗೆ ಮನೆ, ಇಲ್ಲದವನಿಗೆ ರಸ್ತೆ. ಅವರ ಹತ್ತಿರ ಇರುವ ಹಳೆಯ ಕಾಗದವೆಂದರೆ ಏಳನೇ ಖೋಲಿಯ ಆ ಹೆಸರೊಂದೇ. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲ ಅದರಿಂದ ಹುಟ್ಟಿದವು. ಅದನ್ನು ತಾವಾಗಿಯೇ ಹೊಡೆದುಹಾಕಿಸಿದರೆ, ನಿನ್ನೆ ಮೊನ್ನೆ ಬಂದವರ ಸಾಲಿಗೆ ಸೇರಿದಂತೆ.

ಅದು ಕಾಶಪ್ಪನ ಖೋಲಿಯ ವಿಳಾಸ, ಟೇಕಡಿಯ ಮನೆಗೆ ಅದು ಪುರಾವೆಯಾಗುವುದಾದರೂ ಹೇಗೆ ಎಂದು ನಾಗರತ್ನಾ ಕೇಳಿದಳು. ಆಗದಿರಬಹುದು, ಆದರೆ ಮುಂಬಯಿಯಲ್ಲಿ ಇದ್ದೆವು ಎನ್ನುವುದಕ್ಕಾದರೂ ಆದೀತು ಎಂದು ಹಿಂದಿನಿಂದ ಯಾರೋ ಹೇಳಿದರು. ಹಳೆಯ ಹೆಸರಿನ ವರ್ಷ ಹೊಸದಕ್ಕೂ ಬರುತ್ತದೆ ಎಂದು ನೀವು ಬರೆದು ಕೊಡ್ತೀರಾ ಎಂದು ಶರಣಬಸಪ್ಪ ಕೇಳಿದ. ಅವಳು ಒಂದು ವಾರ ಸಮಯ ಕೇಳಿದಳು.

ಆ ವಾರ ಅವಳು ಶಾಲೆ ಬಿಟ್ಟ ಮೇಲೆ ಎರಡು ಕಚೇರಿಗಳಿಗೆ ಹೋದಳು. ಚುನಾವಣೆಯ ಕಚೇರಿಯವರು, ಯಾದಿಯಲ್ಲಿ ಎಂದಿನಿಂದ ವಾಸ ಎಂಬ ಅಂಕಣವೇ ಇಲ್ಲ, ಮನೆಯ ಅರ್ಹತೆ ಬೇರೆ ಇಲಾಖೆಯ ವಿಷಯ ಎಂದರು. ಆ ಬೇರೆ ಇಲಾಖೆಯ ಗುಮಾಸ್ತ, ಟೇಕಡಿಯ ಯೋಜನೆಯೇ ಬಂದಿಲ್ಲ, ಬಂದಾಗ ನೋಡೋಣ ಎಂದ. ಏನೂ ಆಗುವುದಿಲ್ಲ, ಧೈರ್ಯವಾಗಿ ಸಹಿ ಮಾಡಿ ಎಂದು ಅವಳು ಟೇಕಡಿಯವರಿಗೆ ಹೇಳಿಬಿಡಬಹುದಿತ್ತು. ಅವಳ ಮಾತನ್ನು ಅವರು ನಂಬುತ್ತಲೂ ಇದ್ದರು. ಭಾನುವಾರ ಹೋಗಿ, ಬರೆದು ಕೊಡಲು ನನ್ನಿಂದ ಆಗುವುದಿಲ್ಲ ಎಂದಳು.

ಮೂವರು ಸಹಿ ಮಾಡಿದರು. ಮೂವರೂ ತಡವಾಗಿ ಬಂದವರು, ಕಳೆದುಕೊಳ್ಳಲು ಹಳೆಯ ವರ್ಷ ಇಲ್ಲದವರು. ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಕಾಶಪ್ಪ ತಂಗಿಯ ಕಡೆ ತಿರುಗಿ, "ನೀನಾರ ಮಾಡ. ಮಣ್ಣು ಮೊದಲು ಬೀಳೋದು ನಿನ್ನ ಮನಿ ಮ್ಯಾಲ" ಎಂದರು.

ಸುಂದ್ರವ್ವ ಅರ್ಜಿಯನ್ನು ಕೈಯಲ್ಲಿ ಹಿಡಿದು ಹಿಂದುಮುಂದೆ ತಿರುಗಿಸಿದರು. "ಯಾದ್ಯಾಗ ನನ್ನ ಹೆಸ್ರಿನ ಮುಂದ ಗಂಡ ಅಂತ ಅವ್ರ ಹೆಸ್ರು ಅದ ಅಣ್ಣಾ, ತೊಂಬತ್ತಾರನೇ ಇಸ್ವಿದು. ನಾಳಿ ನನ್ನ ಮಗಳಿಗೆ ಬಿಟ್ಟು ಹೋಗಾಕ ನನ್ನ ಕಡೆ ಅದೊಂದೇ ಅದ. ಗೋಡಿ ಬರ್ತದೋ ಇಲ್ಲೋ ಯಾರಿಗೆ ಗೊತ್ತು. ಇದು ಹೋಗೋದಂತೂ ಖರೆ."

ಕಾಶಪ್ಪ ಮತ್ತೆ ಒತ್ತಾಯಿಸಲಿಲ್ಲ. ಇಳಿಯುವಾಗ ಸೇತುವೆಯ ಮೇಲೆ ನಿಂತು ನಾಗರತ್ನಾಳಿಗೆ, ಅಂದು ಯಾರೂ ಕೇಳದಿದ್ದರೂ ನಾನಾಗಿಯೇ ಕರೆದು ಕರೆದು ಪತ್ತಾ ಕೊಟ್ಟೆ ಎಂದರು. ಟೇಕಡಿಗೇ ನಂಬರು ಹಾಕಿಸಿಕೊಳ್ಳಲು ಆಗ ಓಡಾಡಿದ್ದರೆ ಆಗುತ್ತಿತ್ತೇನೋ, ಆ ಒಂಬತ್ತು ಜನ ಮಾಡಿಸಿಕೊಳ್ಳಲಿಲ್ಲವೇ ಎಂದರು. ಅವಳು ಏನಾದರೂ ಹೇಳಬೇಕಿತ್ತು. ನೀವು ಮಾಡಿದ್ದು ಒಳ್ಳೆಯದೇ ಎಂದಳು. ಅವರು ಸೇತುವೆ ಇಳಿದು ಖೋಲಿಯ ಕಡೆ ನಡೆದರು.

ಯಾದಿ ಒಪ್ಪಿಸುವ ದಿನ ಹತ್ತಿರ ಬಂತು. ನಿಯಮದ ಪ್ರಕಾರ ಉಳಿದ ಮೂವತ್ತಮೂರು ಹೆಸರುಗಳ ಮುಂದೆ ಬೇರೆಡೆಗೆ ಹೋಗಿದ್ದಾರೆ ಎಂದು ಗುರುತು ಹಾಕಬೇಕು. ಹಾಕಿದರೆ ಈಚೆಯ ಹೆಸರು ಹೋಗುತ್ತದೆ, ಅರ್ಜಿ ತುಂಬದ್ದರಿಂದ ಆಚೆಯೂ ಬರುವುದಿಲ್ಲ. ಕೊನೆಯ ದಿನ ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ಕಾಶಪ್ಪ ಶಾಲೆಗೆ ಬಂದರು. ಒಗೆದ ಬಿಳಿ ಅಂಗಿ ತೊಟ್ಟಿದ್ದರು. ಖಾಲಿ ಅರ್ಜಿಗಳನ್ನು ಮಡಿಕೆ ಬೀಳದಂತೆ ರಟ್ಟಿನೊಳಗಿಟ್ಟು ತಂದಿದ್ದರು. ಅವನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದರು.

"ಅವ್ರು ನನ್ನ ಮನಿಯವ್ರೇ ಅಂತ ಬರ್ಕೋರಿ ಟೀಚರ್. ನಾ ಹೇಳಿದ್ದಂತ ಬರ್ಕೋರಿ. ಸುಳ್ಳಾದ್ರ ಪಾಪ ನಂದು."

"ಹಂಗ ಬರದ್ರ ಗೋಡಿ ಬರಾಂಗಿಲ್ಲ ಕಾಕಾ."

"ಗೊತ್ತದರಿ."

ಅವಳು ಬರೆದಳು. ಇವರೆಲ್ಲ ಇಲ್ಲಿಯೇ ವಾಸವಾಗಿದ್ದಾರೆಂದು ಮನೆಯ ಹಿರಿಯರು ತಿಳಿಸಿದ್ದಾರೆ ಎಂದು. ತಿಳಿಸಿದ್ದಂತೂ ನಿಜವಾಗಿತ್ತು. ಬರೆದು ಮುಗಿಸುವವರೆಗೂ ಕಾಶಪ್ಪ ನಿಂತಿದ್ದು, ಕೈ ಮುಗಿದು ಹೋದರು. ಆ ರಾತ್ರಿ ಅವಳು, ಯಾವುದನ್ನು ಉಳಿಸಿದೆ, ಯಾವುದನ್ನು ಕೆಡಿಸಿದೆ ಎಂದು ಗಂಡನಿಗೆ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು.

ಆಚೆಯ ಯಾದಿ ಒಂಬತ್ತರಿಂದ ಹನ್ನೆರಡಾಯಿತು. ಕಾಶಪ್ಪ ಅದನ್ನೂ ಹೋಗಿ ಅನಿಲಕುಮಾರನಿಗೆ ತೋರಿಸಿ ಬಂದರು. ಅವನು ಹನ್ನೆರಡು ಎಂದು ಬರೆದುಕೊಂಡ.

ನವೆಂಬರಿನ ಮತದಾನದ ದಿನ ನಾಗರತ್ನಾಳಿಗೆ ಚಾಳಿನವರ ಮತಗಟ್ಟೆಯಿದ್ದ ಶಾಲೆಯಲ್ಲೇ ಕೆಲಸ. ಟೇಕಡಿಯವರು ಸೇತುವೆ ದಾಟಿ ಬಂದು, ಗೇಟಿನಾಚೆ ನಿಂತಿದ್ದ ಕಾಶಪ್ಪನವರಿಂದ ಚೀಟಿ ಪಡೆದು, ಸಾಲಿನಲ್ಲಿ ನಿಂತು, ತಮ್ಮ ಗುಡ್ಡಕ್ಕೆ ಏನೂ ಮಾಡಲಾಗದ ಶಾಸಕನ ಆಯ್ಕೆಗೆ ಮತ ಹಾಕಿ ಹೋದರು. ಜನ ಕಡಿಮೆಯಾದಾಗ ಕಾಶಪ್ಪ ಅವಳ ಹತ್ತಿರ ಬಂದು, ಈ ಗೆರೆಯನ್ನು ಮತ್ತೆ ಯಾವಾಗ ಎಳೆಯುತ್ತಾರೆ ಎಂದು ಕೇಳಿದರು. ಮುಂದಿನ ಜನಗಣತಿ ಆಗಬೇಕು, ಆಮೇಲೆ ಆಯೋಗ ಕೂರಬೇಕು, ಆಮೇಲೆ ಎಂದಳು. ನಾಲಾ ಬಿಟ್ಟು ಬೇರೆ ಕಡೆ ಎಳೆಯಬಹುದೇ ಎಂದು ಕೇಳಿದರು. ಎಳೆಯಬಹುದು, ಎಳೆಯದೆಯೂ ಇರಬಹುದು ಎಂದಳು.

"ಅಷ್ಟೊತ್ತಿಗೆ ಎಷ್ಟು ಮಳಿಗಾಲ ಬರ್ತಾವ್ರಿ?"

ಅವಳು ಮನಸ್ಸಿನಲ್ಲೇ ಎಣಿಸಿದಳು.

ಮರುವರ್ಷ ಜೂನ್ ಕೊನೆಯ ವಾರದಲ್ಲಿ ದರೆ ಮತ್ತೆ ಜಾರಿತು.

ಸುಂದ್ರವ್ವನ ಹಿಂಗೋಡೆ ಒಂದು ಗೇಣು ಒಳಕ್ಕೆ ಬಂದು, ಪಾತ್ರೆಯ ಹಲಗೆ ಬಿತ್ತು. ಅವರು ಒಲೆಯನ್ನೂ ಹಾಸಿಗೆಯನ್ನೂ ಮುಂದಿನ ಅರ್ಧಕ್ಕೆ ಎಳೆದುಕೊಂಡು, ಹಿಂದಿನ ಅರ್ಧಕ್ಕೆ ಸೀರೆ ಕಟ್ಟಿ ಮರೆ ಮಾಡಿದರು. ಮಳೆ ಮುಗಿಯುವವರೆಗೆ ನಮ್ಮ ಖೋಲಿಗೆ ಬಾ ಎಂದು ಅಣ್ಣ ಕರೆದಾಗ, "ನಿನ್ನ ಖೋಲ್ಯಾಗ ಮೊದಲೇ ಮೂವತ್ತೈದು ಮಂದಿ ಅದಾರ, ನನಗ ಜಾಗ ಎಲ್ಲಿ ಅದ?" ಎಂದು ನಗಿಸಿ ಕಳಿಸಿದರಂತೆ. ಬೀಗ ಹಾಕಿದ ಮನೆಯನ್ನು ಒಂದೇ ರಾತ್ರಿಯಲ್ಲಿ ಬೇರೆಯವರು ಹಿಡಿದುಕೊಳ್ಳುತ್ತಾರೆ ಎನ್ನುವುದು ಅವರ ಭಯ. ಅದನ್ನು ಅಣ್ಣನೂ ಬಲ್ಲರು.

ಕಾಶಪ್ಪನವರಿಗೆ ಈಗ ಅರವತ್ತಾರು ದಾಟಿದೆ. ನಾಕಾಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ಕಟ್ಟಡಗಳ ಕೆಲಸ ನಡೆಯುವಲ್ಲಿಂದ ಖಾಲಿ ಸಿಮೆಂಟ್ ಚೀಲಗಳನ್ನು ಬೇಡಿ ತಂದು, ದಿನಾ ಬೆಳಿಗ್ಗೆ ಟೇಕಡಿ ಹತ್ತಿ, ಜಾರಿದ ಮಣ್ಣನ್ನೇ ಅವುಗಳಲ್ಲಿ ತುಂಬಿ ಹೊಲಿದು ತಂಗಿಯ ಮನೆಯ ಹಿಂದೆ ಪೇರಿಸುತ್ತಾರೆ. ಮಳೆ ಜೋರಾದಾಗ ಕೆಳಗಿನ ಸಾಲು ಹೊರಕ್ಕೆ ಉಬ್ಬಿ ಚೀಲಗಳು ಒಡೆಯುತ್ತವೆ. ಮಳೆ ನಿಂತ ಮೇಲೆ ಅವರು ಮತ್ತೆ ತುಂಬುತ್ತಾರೆ.